ಗಟ್ಟಿಯಾದದ್ದೆಲ್ಲ ಗಟ್ಟಿಗತನವಲ್ಲ

ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನನ್ನ ಸೋದರಳಿಯ ಮನೆಗೆ ಬಂದನೆಂದರೆ ಅವನ ಕೈಯಲ್ಲಿ ಏನಾದರೊಂದು ಪಟ್ಟಿ ಇದ್ದೇ ಇರುತ್ತದೆ. ಅಂದು ತಂದದ್ದು ಕಾರಿನ ಬಿಡಿಭಾಗಗಳ ಪಟ್ಟಿ. ಎತ್ತರವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ‘ಕಾಯ್ಲೋವರ್’ ಜೋಡಣೆ, ಮೂಲದ ಎರಡರಷ್ಟು ಗಟ್ಟಿಯಾದ ಸ್ಪ್ರಿಂಗ್‌ಗಳು, ಹಿಂಬದಿಗೆ ದಪ್ಪನೆಯ ಆಂಟಿ ರೋಲ್ ಬಾರ್, ರಬ್ಬರಿನ ಬದಲಿಗೆ ಪಾಲಿಯುರೆಥೇನ್ ಬುಶ್‌ಗಳು. ಕೊನೆಯಲ್ಲಿ ಮೊತ್ತ: 1 ಲಕ್ಷದ 40 ಸಾವಿರ ರೂಪಾಯಿ. ‘ಮಾವ, ನೀವು ಮೂವತ್ತು ವರ್ಷ ಕಾಲೇಜಿನಲ್ಲಿ ಕಂಪನಶಾಸ್ತ್ರ ಪಾಠ ಹೇಳಿದವರು. ಇದರಲ್ಲಿ ಯಾವುದನ್ನು ಮೊದಲು ಹಾಕಿಸಲಿ, ಹೇಳಿಬಿಡಿ’ ಎಂದ.

ಅವನ ಹಿಂದೆಯೇ ಮೆಲ್ಲನೆ ಮೆಟ್ಟಿಲು ಹತ್ತಿ ಬಂದವಳು ನನ್ನ ಅಕ್ಕ. ಹಿಂದಿನ ವರ್ಷ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳು ವಾರಕ್ಕೆ ಎರಡು ಸಲ ಫಿಸಿಯೋಥೆರಪಿಗೆ ಹೋಗಬೇಕು. ಹೋಗುವುದು ಅದೇ ಕಾರಿನ ಹಿಂದಿನ ಸೀಟಿನಲ್ಲಿ, ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು. ಮನೆಗೆ ಇರುವುದು ಅದೊಂದೇ ಕಾರು. ‘ಈಗಲೇ ಒಂದೊಂದು ಹಂಪ್ ಬಂದಾಗಲೂ ಜೀವ ಹೋಗಿ ಬರುತ್ತೆ ಕಣೋ. ಇದನ್ನೆಲ್ಲ ಹಾಕಿಸಿದ ಮೇಲೆ ನಾನು ಆಟೊದಲ್ಲೇ ಹೋಗ್ತೀನಿ ಬಿಡು’ ಎಂದಳು. ಮಾತಿನಲ್ಲಿ ಕೋಪಕ್ಕಿಂತ ಆಯಾಸವೇ ಹೆಚ್ಚಾಗಿತ್ತು.

ವರ್ಷಕ್ಕೆ ಮೂರೋ ನಾಲ್ಕೋ ದಿನ ರೇಸ್ ಟ್ರ್ಯಾಕಿನಲ್ಲಿ ಓಡುವ ಕಾರು ಉಳಿದ ದಿನಗಳಲ್ಲಿ ಮನೆಮಂದಿಯನ್ನೆಲ್ಲ ಹೊತ್ತು ತಿರುಗಬೇಕು. ಇದು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಎಂದು ಮೇಲುನೋಟಕ್ಕೆ ಅನ್ನಿಸುವುದು ಸಹಜ. ಟ್ರ್ಯಾಕಿಗೆ ಗಟ್ಟಿ ಸಸ್ಪೆನ್ಶನ್ ಬೇಕು, ಬೆನ್ನುನೋವಿಗೆ ಮೆದುವಾದದ್ದು ಬೇಕು. ಒಬ್ಬರಿಗೆ ಒಳಿತಾದರೆ ಇನ್ನೊಬ್ಬರಿಗೆ ಕೇಡು ಎಂಬುದು ಸಾಮಾನ್ಯ ನಂಬಿಕೆ. ಆ ನಂಬಿಕೆ ಅರ್ಧ ಮಾತ್ರ ನಿಜ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ‘ಟ್ರ್ಯಾಕ್ ಡೇ’ ಎಂದರೇನು ಎಂಬುದನ್ನು ತಿಳಿಯೋಣ. ಇದು ಸ್ಪರ್ಧೆಯಲ್ಲ. ಶುಲ್ಕ ಕಟ್ಟಿ, ಹೆಲ್ಮೆಟ್ ಧರಿಸಿ, ಎದುರಿನಿಂದ ವಾಹನ ಬಾರದ, ಪಾದಚಾರಿಗಳಿಲ್ಲದ, ಆಂಬುಲೆನ್ಸ್ ಸಿದ್ಧವಾಗಿ ನಿಂತಿರುವ ಮುಚ್ಚಿದ ಪಥದಲ್ಲಿ ಸ್ವಂತ ಕಾರನ್ನು ಅದರ ಮಿತಿಯವರೆಗೆ ಓಡಿಸಿ ನೋಡುವ ಅವಕಾಶ. ಬೆಂಗಳೂರಿನವರಿಗೆ ಇದಕ್ಕೆ ಅನುಕೂಲವಾಗಿರುವುದು ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರಂಬುದೂರಿನ ಬಳಿ ಇರುವ ಇರುಂಗಾಟುಕೋಟೈ ಟ್ರ್ಯಾಕು. ಎರಡನೆಯ ಮಹಾಯುದ್ಧದ ಕಾಲದ ಶೋಲಾವರಂ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ನಡೆದ ರೇಸುಗಳು 1990ರ ಸುಮಾರಿಗೆ ಇಲ್ಲಿಗೆ ಸ್ಥಳಾಂತರಗೊಂಡವು. ಪಥದ ಉದ್ದ ಸುಮಾರು 3.7 ಕಿ.ಮೀ. ಕೊಯಮತ್ತೂರಿನ ಹೊರವಲಯದಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ 5.125 ಕಿ.ಮೀ. ಉದ್ದದ ಬುದ್ಧ್ ಸರ್ಕಿಟ್ ದೂರದ ಗ್ರೇಟರ್ ನೋಯ್ಡಾದಲ್ಲಿದೆ.

ನಡುರಾತ್ರಿ ವಿಮಾನ ನಿಲ್ದಾಣದ ರಸ್ತೆಯಲ್ಲಿ ಹುಡುಗರು ತೋರುವ ಪ್ರತಾಪವನ್ನು ಬಲ್ಲ ಯಾರೇ ಆದರೂ, ವೇಗದ ಹಂಬಲವನ್ನು ಇಂಥ ಕಡೆಗೆ ಕೊಂಡೊಯ್ಯುವ ತರುಣರನ್ನು ಮೆಚ್ಚಬೇಕಾಗುತ್ತದೆ. ಆದ್ದರಿಂದ ಅಳಿಯನಿಗೆ ‘ಇದೆಲ್ಲ ಯಾಕೆ ಬೇಕಪ್ಪ’ ಎಂದು ಬುದ್ಧಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಆದರೆ ಒಂದು ಸಂಗತಿಯನ್ನು ನೆನಪಿಸಿದೆ. ಅವನ ಕಾರು ಲಾರಿಯ ಮೇಲೆ ಏರಿ ಟ್ರ್ಯಾಕಿಗೆ ಹೋಗುವುದಿಲ್ಲ. ಬೆಂಗಳೂರಿನ ಗುಂಡಿಗಳನ್ನು ದಾಟಿ, ಸುಮಾರು 300 ಕಿ.ಮೀ. ಹೆದ್ದಾರಿ ಕ್ರಮಿಸಿ, ದಿನವಿಡೀ ಟ್ರ್ಯಾಕಿನಲ್ಲಿ ಬೆವರಿಳಿಸಿ, ಅದೇ ಟೈರು, ಅದೇ ಬ್ರೇಕುಗಳ ಮೇಲೆ ರಾತ್ರಿ ಮನೆಗೆ ಮರಳಬೇಕು. ಟ್ರ್ಯಾಕಿಗೆಂದು ಮಾಡಿದ ಯಾವುದೇ ಆಯ್ಕೆ ಈ ಮರುಪ್ರಯಾಣದ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು.

ಅಂಗೈಯಗಲದ ನೆಲ

ಸಸ್ಪೆನ್ಶನ್ ಇರುವುದು ಕೂತವರ ಸುಖಕ್ಕೆ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಅದರ ಮೊದಲ ಕೆಲಸ ಬೇರೆ. ಒಂದು ಕಾರಿನ ಪ್ರತಿಯೊಂದು ಟೈರು ಯಾವುದೇ ಕ್ಷಣದಲ್ಲಿ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ತಿರುಗುವುದು, ನಿಲ್ಲುವುದು, ಮುನ್ನುಗ್ಗುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತವನ್ನೇ ನಂಬಿವೆ. ರಸ್ತೆ ಏರಿಳಿದಂತೆ ಚಕ್ರವೂ ಏರಿಳಿದು ಆ ಅಂಗೈ ನೆಲವನ್ನು ಬಿಡದಂತೆ ನೋಡಿಕೊಳ್ಳುವುದೇ ಸಸ್ಪೆನ್ಶನ್ನಿನ ಮೂಲ ಧರ್ಮ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಗಟ್ಟಿ ಸ್ಪ್ರಿಂಗ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಒರಟು ರಸ್ತೆಯಲ್ಲಿ ಅದೇ ಸ್ಪ್ರಿಂಗ್ ಚಕ್ರವನ್ನು ಪುಟಿಸುತ್ತದೆ. ಪುಟಿದ ಚಕ್ರ ಗಾಳಿಯಲ್ಲಿರುವಷ್ಟು ಹೊತ್ತು ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುಹಾದಿಗಳಲ್ಲಿ ರ‍್ಯಾಲಿ ಓಡಿಸುವವರು ಕಾರನ್ನು ತಗ್ಗಿಸದೆ, ಚಕ್ರ ಮೇಲೆ ಕೆಳಗೆ ಚಲಿಸಲು ಧಾರಾಳ ಅವಕಾಶವಿಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಅವರೇನೂ ನಿಧಾನವಾಗಿ ಹೋಗುವವರಲ್ಲ.

ಎಂಜಿನಿಯರುಗಳು ಸ್ಪ್ರಿಂಗಿನ ಗಡಸುತನವನ್ನು ಕಂಪನಾಂಕದಲ್ಲಿ ಹೇಳುತ್ತಾರೆ. ಅಂದರೆ ಕಾರಿನ ಮೈಯನ್ನು ಒಮ್ಮೆ ಒತ್ತಿ ಬಿಟ್ಟರೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬ ಲೆಕ್ಕ. ಮನೆಬಳಕೆಯ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಸೆಕೆಂಡಿಗೆ 1ರಿಂದ 1.5. ರಸ್ತೆಗೂ ಸಲ್ಲುವ ಚುರುಕಿನ ಕಾರುಗಳಲ್ಲಿ 1.5ರಿಂದ 2. ಅದನ್ನು ಮೀರಿದ್ದು ರೇಸಿನ ಲೋಕ. ಕಂಪನಾಂಕ ಏರುವುದು ಗಡಸುತನದ ವರ್ಗಮೂಲದಂತೆ. ಹೀಗಾಗಿ 1.4ರಲ್ಲಿರುವ ಕಾರನ್ನು 2ಕ್ಕೆ ಒಯ್ಯಬೇಕಾದರೆ ಸ್ಪ್ರಿಂಗ್ ಎರಡರಷ್ಟು ಗಟ್ಟಿಯಾಗಬೇಕು. ಅಳಿಯನ ಪಟ್ಟಿಯಲ್ಲಿದ್ದುದು ಅಂಥದ್ದೇ. ಆ ಕಾರು ಇರುಂಗಾಟುಕೋಟೈನಲ್ಲಿ ಸೊಗಸಾಗಿ ಓಡಬಹುದು. ನಮ್ಮ ಬಡಾವಣೆಯ ನಾಲ್ಕನೇ ಅಡ್ಡರಸ್ತೆಯಲ್ಲಿ ಅಲ್ಲ.

ನಮ್ಮ ರಸ್ತೆಯುಬ್ಬುಗಳಿಗೂ ಒಂದು ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ನೋವಿಲ್ಲದೆ ದಾಟಬಹುದಾದದ್ದು. ನಾವು ದಿನನಿತ್ಯ ಏರಿ ಇಳಿಯುವ ಉಬ್ಬುಗಳಲ್ಲಿ ಈ ಅಳತೆಗೆ ಹೊಂದುವಂಥವು ಎಷ್ಟೆಂಬುದನ್ನು ಓದುಗರೇ ಊಹಿಸಬಲ್ಲರು. ಬಹುಪಾಲು ಕಡೆ ಉಳಿದ ಡಾಂಬರನ್ನು ಸುರಿದು ಮಾಡಿದ ದಿಬ್ಬಗಳೇ ಇವೆ. ಕಾರಿಗೆ ಸಸ್ಪೆನ್ಶನ್ ಆರಿಸುವಾಗ ಮಾರ್ಗಸೂಚಿಯ ಉಬ್ಬನ್ನಲ್ಲ, ಈ ದಿಬ್ಬವನ್ನೇ ಕಣ್ಣೆದುರು ಇಟ್ಟುಕೊಳ್ಳಬೇಕು.

ಎರಡು ಭ್ರಮೆಗಳು

ಕಾರು ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ವಾಲಿದಾಗ ತೂಕವೆಲ್ಲ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಗಟ್ಟಿಯಾದರೆ ವಾಲುವುದು ತಗ್ಗುತ್ತದೆ, ಆದ್ದರಿಂದ ತೂಕ ಸರಿಯುವುದೂ ತಗ್ಗುತ್ತದೆ. ಇದು ಮೊದಲ ಭ್ರಮೆ.

ತೂಕ ಎಷ್ಟು ಸರಿಯಬೇಕೆಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ನಾಲ್ಕು ಸಂಗತಿಗಳು: ಕಾರಿನ ಭಾರ, ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ತಿರುವಿನ ಬಿರುಸು. ಚಾಲಕನೂ ಸೇರಿ 1,100 ಕಿಲೊ ಭಾರದ, ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರದಲ್ಲಿರುವ, ಚಕ್ರಗಳ ಅಂತರ 150 ಸೆಂ.ಮೀ. ಇರುವ ಕಾರು ಭೂಗುರುತ್ವದ ಶೇ 80ರಷ್ಟು ಬಿರುಸಿನಲ್ಲಿ ತಿರುಗಿದರೆ ಸುಮಾರು 320 ಕಿಲೊ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಸರಿಯುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಗಡಸುತನಕ್ಕೆ ಜಾಗವೇ ಇಲ್ಲ. ಸ್ಪ್ರಿಂಗ್ ಮತ್ತು ಆಂಟಿ ರೋಲ್ ಬಾರ್‌ಗಳು ಮಾಡುವುದು ಆ 320 ಕಿಲೊದಲ್ಲಿ ಮುಂದಿನ ಜೋಡಿಗೆ ಎಷ್ಟು, ಹಿಂದಿನ ಜೋಡಿಗೆ ಎಷ್ಟು ಎಂದು ಪಾಲು ಹಂಚುವ ಕೆಲಸ. ವಾಲುವುದು ತಗ್ಗಿದರೆ ಟೈರು ನೆಲಕ್ಕೆ ನೆಟ್ಟಗೆ ನಿಲ್ಲುತ್ತದೆ, ಸ್ಟೀರಿಂಗಿಗೆ ಕಾರು ಬೇಗ ಸ್ಪಂದಿಸುತ್ತದೆ. ಈ ಲಾಭಗಳು ನಿಜ. ಆದರೆ ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮಾತ್ರಕ್ಕೆ ಹಿಡಿತ ತಾನಾಗಿ ಹೆಚ್ಚುವುದಿಲ್ಲ.

ಈ ಪಾಲು ಹಂಚಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಆದ್ದರಿಂದ ಯಾವ ತುದಿಯನ್ನು ಹೆಚ್ಚು ಗಟ್ಟಿ ಮಾಡುತ್ತೇವೆಯೋ ಆ ತುದಿ ಮೊದಲು ಜಾರುತ್ತದೆ. ಮುಂದಿನ ಚಕ್ರಗಳಿಂದ ಓಡುವ ನಮ್ಮ ಹ್ಯಾಚ್‌ಬ್ಯಾಕ್‌ಗಳು ಮೂತಿ ಹೊರಕ್ಕೆ ಸರಿಯುವ ಸ್ವಭಾವದವು. ಹಿಂದಕ್ಕೆ ದಪ್ಪ ಬಾರ್ ಹಾಕಿಸಿ ಅದನ್ನು ತಿದ್ದುವುದು ಟ್ರ್ಯಾಕಿನಲ್ಲಿ ಒಳ್ಳೆಯ ಉಪಾಯವೇ. ಆದರೆ ಮಳೆ ಬಿದ್ದ ಹೆದ್ದಾರಿಯ ತಿರುವಿನಲ್ಲಿ ಅಡ್ಡ ಬಂದ ನಾಯಿಯನ್ನು ಕಂಡು ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದರೆ, ಅದೇ ಕಾರಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಡಬಹುದು. ಕಾರ್ಖಾನೆಯವರು ಮೂತಿ ಸರಿಯುವ ಸ್ವಭಾವವನ್ನು ಉಳಿಸಿಕೊಂಡಿರುವುದು ಅಜ್ಞಾನದಿಂದಲ್ಲ. ಸಾಮಾನ್ಯ ಚಾಲಕ ಗಾಬರಿಯಲ್ಲಿ ಏನು ಮಾಡುತ್ತಾನೆಂಬುದನ್ನು ಅರಿತೇ ಹಾಗೆ ಮಾಡಿದ್ದಾರೆ.

ಎರಡನೆಯ ಭ್ರಮೆ, ಕಾರು ನೆಲಕ್ಕೆ ಹತ್ತಿರವಾದಷ್ಟೂ ಒಳ್ಳೆಯದು ಎಂಬುದು. ಮೇಲಿನ ಕಾರನ್ನು 3 ಸೆಂ.ಮೀ. ತಗ್ಗಿಸಿದರೆ ಸರಿಯುವ ತೂಕದಲ್ಲಿ ಆಗುವ ಉಳಿತಾಯ ಸುಮಾರು 18 ಕಿಲೊ ಮಾತ್ರ. ಅದಕ್ಕೆ ತೆರುವ ಬೆಲೆ ದೊಡ್ಡದು. ಸ್ವಿಫ್ಟ್ ಇರಲಿ, ಪೋಲೊ ಇರಲಿ, ಇಂಥ ಕಾರುಗಳ ಮುಂಭಾಗದಲ್ಲಿರುವುದು ಮೆಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮೆಕ್‌ಫರ್ಸನ್ ರೂಪಿಸಿದ, 1950ರ ಹೊತ್ತಿಗೆ ಬ್ರಿಟನ್ನಿನ ಫೋರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ಸರಳ, ಅಗ್ಗದ, ಜಾಗ ಉಳಿಸುವ ಏರ್ಪಾಡು. ಅದರ ಕೆಳತೋಳು ಹೆಚ್ಚುಕಡಿಮೆ ಅಡ್ಡಡ್ಡವಾಗಿರುವಂತೆ ವಿನ್ಯಾಸ ಮಾಡಿರುತ್ತಾರೆ. ಕಾರನ್ನು ತೀರ ತಗ್ಗಿಸಿದರೆ ಆ ತೋಳು ಒಳತುದಿಯತ್ತ ಇಳಿಜಾರಾಗುತ್ತದೆ. ಆಗ ಕಾರಿನ ಮೈ ವಾಲಲು ಆಧಾರವಾಗಿರುವ ಬಿಂದು ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಮೈಯನ್ನು ವಾಲಿಸುವ ಸನ್ನೆ ಉದ್ದವಾಗುತ್ತದೆ. ವಾಲುವುದನ್ನು ತಪ್ಪಿಸಲೆಂದು ತಗ್ಗಿಸಿದ ಕಾರು ಹೆಚ್ಚು ವಾಲಲು ಹವಣಿಸುತ್ತದೆ. ಅದನ್ನು ತಡೆಯಲು ಇನ್ನಷ್ಟು ಗಟ್ಟಿ ಸ್ಪ್ರಿಂಗ್ ಬೇಕಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ತಗ್ಗಿಸಿದ ಕಾರಿನಲ್ಲಿ ಚಕ್ರ ಮೇಲಕ್ಕೆ ಚಲಿಸಲು ಉಳಿಯುವ ಜಾಗ ಕಿರಿದು. ತಿರುವಿನ ನಡುವೆ ಒಂದು ಉಬ್ಬು ಸಿಕ್ಕರೆ ಸ್ಟ್ರಟ್ ತನ್ನ ತಡೆರಬ್ಬರಿಗೆ ಬಡಿಯುತ್ತದೆ. ಆ ಕ್ಷಣ ಸ್ಪ್ರಿಂಗ್ ಇದ್ದೂ ಇಲ್ಲದಂತಾಗಿ, ಚಕ್ರ ಕಲ್ಲಿನಂತೆ ಬಿಗಿದು ಹಿಡಿತ ಕಳೆದುಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯೆಂದರೆ ಕೆಲವು ಗ್ಯಾರೇಜುಗಳಲ್ಲಿ ಕೆಲವೇ ನೂರು ರೂಪಾಯಿಗೆ ಮೂಲ ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಕತ್ತರಿಸಿಕೊಡುವ ಪದ್ಧತಿ. ಕತ್ತರಿಸಿದ ಸ್ಪ್ರಿಂಗ್ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸಡಿಲಗೊಂಡು ಜಾಗ ತಪ್ಪಬಹುದು. ಇದನ್ನು ಮಿತವ್ಯಯ ಎನ್ನಲಾಗದು.

ಹೆಸರಿಗೆ ತಕ್ಕ ಕೆಲಸವಲ್ಲ

ಹಾಗಾದರೆ ಬದಲಿಸಬೇಕಾದದ್ದು ಏನು? ನನ್ನ ಉತ್ತರ: ಶಾಕ್ ಅಬ್ಸಾರ್ಬರ್. ಹೆಸರು ದಾರಿ ತಪ್ಪಿಸುವಂಥದ್ದು. ಆಘಾತವನ್ನು ಹೀರುವುದು ಸ್ಪ್ರಿಂಗ್. ಹೀರಿದ ಮೇಲೆ ಕುಣಿಯುತ್ತಲೇ ಇರುವ ಸ್ಪ್ರಿಂಗನ್ನು ಸುಮ್ಮನಾಗಿಸುವುದು ಶಾಕ್ ಅಬ್ಸಾರ್ಬರ್. ಕೊಳವೆಯಲ್ಲಿ ತುಂಬಿದ ಎಣ್ಣೆಯನ್ನು ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಹಾಯಿಸಿ, ಚಲನೆಯನ್ನು ಶಾಖವಾಗಿ ಪರಿವರ್ತಿಸಿ ಗಾಳಿಗೆ ಬಿಡುವುದು ಅದರ ಕ್ರಮ.

ಟ್ರ್ಯಾಕು ಮತ್ತು ಬೀದಿಗಳ ನಡುವಿನ ಜಗಳ ಅರ್ಧಕ್ಕರ್ಧ ಇತ್ಯರ್ಥವಾಗುವುದು ಇಲ್ಲಿಯೇ. ಕಾರು ತಿರುಗುವಾಗ, ಬ್ರೇಕ್ ಒತ್ತಿ ಮುಂಭಾಗ ಬಾಗುವಾಗ ಪಿಸ್ಟನ್ ಚಲಿಸುವುದು ನಿಧಾನವಾಗಿ. ಗುಂಡಿಗೆ ಬಿದ್ದಾಗ, ದಿಬ್ಬಕ್ಕೆ ಬಡಿದಾಗ ಅದು ಚಲಿಸುವುದು ಮಿಂಚಿನಂತೆ. ಒಳ್ಳೆಯ ಶಾಕ್ ಅಬ್ಸಾರ್ಬರ್ ನಿಧಾನದ ಚಲನೆಗೆ ಬಿಗಿಯಾಗಿದ್ದು, ವೇಗದ ಚಲನೆಗೆ ಕವಾಟ ತೆರೆದು ದಾರಿ ಬಿಡುತ್ತದೆ. ಹೀಗೆ ಟ್ರ್ಯಾಕಿನ ತಿರುವಿನಲ್ಲಿ ಬಿಗುವನ್ನೂ ಬೀದಿಯ ಗುಂಡಿಯಲ್ಲಿ ಔದಾರ್ಯವನ್ನೂ ಒಂದೇ ಸಾಧನದಿಂದ ಬಹುಮಟ್ಟಿಗೆ ಪಡೆಯಬಹುದು. ಸ್ಪ್ರಿಂಗಿಗೆ ಈ ವಿವೇಚನೆ ಇಲ್ಲ. ನಿಧಾನವಾಗಿ ಒತ್ತಿದರೂ ಥಟ್ಟನೆ ಒತ್ತಿದರೂ ಅದು ಕೊಡುವ ಉತ್ತರ ಒಂದೇ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಗಟ್ಟಿ’ ಎಂಬುದಲ್ಲ. ಕಾರಿನ ಈಗಿನ ಸ್ಪ್ರಿಂಗಿಗೆ ಹೊಂದುತ್ತದೆಯೇ? ಮೂಲ ಎತ್ತರದಲ್ಲಿ ಪೂರ್ತಿ ಚಲನೆಗೆ ಅವಕಾಶವಿದೆಯೇ? ಬಿಚ್ಚಿ ದುರಸ್ತಿ ಮಾಡಿಕೊಡುವವರು ನಮ್ಮ ಊರಿನಲ್ಲಿದ್ದಾರೆಯೇ? ಗುಂಡಿಗಳ ನಾಡಿನಲ್ಲಿ ಕೊನೆಯ ಪ್ರಶ್ನೆಯೇ ಬಹುಶಃ ಎಲ್ಲಕ್ಕಿಂತ ದೊಡ್ಡದು. 1950ರ ದಶಕದಲ್ಲಿ ಬಳಕೆಗೆ ಬಂದ, ಎಣ್ಣೆಯನ್ನು ಅನಿಲದ ಒತ್ತಡದಲ್ಲಿಟ್ಟು ನೊರೆಗಟ್ಟದಂತೆ ತಡೆಯುವ ಒಂಟಿ ಕೊಳವೆಯ ಮಾದರಿ ಟ್ರ್ಯಾಕಿನ ಶಾಖವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬಿಗುವನ್ನು ಹೊಂದಿಸುವ ಗುಂಡಿ ಇದ್ದರೆ ಒಂದು ಸಾಕು. ನಾಲ್ಕು ಗುಂಡಿಗಳಿದ್ದರೆ ತಪ್ಪು ಮಾಡಲು ನಾಲ್ಕು ದಾರಿಗಳು. ಅದರಲ್ಲೂ ಸ್ಪ್ರಿಂಗ್ ಹಿಗ್ಗುವಾಗಿನ ಬಿಗುವನ್ನು ಅತಿಯಾಗಿ ಏರಿಸಿದರೆ ಸಾಲು ಹಂಪ್‌ಗಳ ಮೇಲೆ ಚಕ್ರಕ್ಕೆ ಮರಳಿ ಕೆಳಗಿಳಿಯಲು ಪುರಸೊತ್ತೇ ಸಿಗದೆ, ಕಾರು ಹೆಜ್ಜೆ ಹೆಜ್ಜೆಗೂ ಕುಗ್ಗುತ್ತಾ ಹೋಗುತ್ತದೆ.

ಕಾಯ್ಲೋವರ್ ಯಾರಿಗೂ ಬೇಡವೆಂದು ಇದರ ಅರ್ಥವಲ್ಲ. ಟ್ರ್ಯಾಕಿಗೆಂದೇ ಬೇರೆ ಕಾರು ಇಟ್ಟುಕೊಂಡು ಅದನ್ನು ಲಾರಿಯಲ್ಲಿ ಸಾಗಿಸುವವರಿಗೆ, ನಾಲ್ಕೂ ಚಕ್ರಗಳ ಮೇಲಿನ ಭಾರವನ್ನು ತೂಗಿ ಎತ್ತರ ಹೊಂದಿಸಬಲ್ಲವರಿಗೆ ಅದು ಯೋಗ್ಯ ಸಾಧನ. ಎತ್ತರ ಹೊಂದಿಸುವ ಸೌಲಭ್ಯವನ್ನು ಕಾರಿನ ಅಂದಕ್ಕಾಗಿ ಮಾತ್ರ ಬಳಸುವವರು ದುಬಾರಿ ಬೆಲೆ ಕೊಟ್ಟು ಕೊಳ್ಳುವುದು, ಈ ಹಿಂದೆ ಹೇಳಿದ ಎರಡನೆಯ ಭ್ರಮೆಯನ್ನೇ.

ಕ್ರಮ ತಪ್ಪಿದರೆ

ಪಟ್ಟಿಯಲ್ಲಿ ಇಲ್ಲದಿದ್ದ ಕೆಲವನ್ನು ಅಳಿಯನ ಕೈಯಲ್ಲೇ ಮೇಲ್ಗಡೆ ಬರೆಸಿದೆ. ಮೊದಲನೆಯದು ಬ್ರೇಕ್ ಎಣ್ಣೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಬ್ರೇಕುಗಳು ಕಾದಾಗ ಹಳೆಯ ಎಣ್ಣೆ ಕುದಿದು ಆವಿಯಾದರೆ ಪೆಡಲು ನೆಲಕ್ಕಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಯಾವ ಕಂಪನಿಯ ಸಸ್ಪೆನ್ಶನ್ನೂ ಅಂಥ ಹೊತ್ತಿನಲ್ಲಿ ಕಾಪಾಡದು. ಎರಡನೆಯದು ಬ್ರೇಕ್ ಪ್ಯಾಡು. ಮೂರನೆಯದು ಟೈರು, ನೆಲವನ್ನು ಮುಟ್ಟುವ ವಸ್ತು ಅದೊಂದೇ ಆದ್ದರಿಂದ ಹಣಕ್ಕೆ ಅತಿ ಹೆಚ್ಚು ಪ್ರತಿಫಲ ಸಿಗುವುದೂ ಅಲ್ಲಿಯೇ. ನಾಲ್ಕನೆಯದು ವೀಲ್ ಅಲೈನ್‌ಮೆಂಟ್. ಮುಂದಿನ ಚಕ್ರಗಳ ತಲೆಯನ್ನು ತುಸುವೇ ಒಳಕ್ಕೆ ವಾಲಿಸಿದರೆ ತಿರುವಿನಲ್ಲಿ ಟೈರಿನ ಹೊರಅಂಚು ಸವೆಯುವುದು ಉಳಿಯುತ್ತದೆ. ಐದನೆಯದು ಸವೆದ ಬುಶ್‌ಗಳನ್ನು ಬದಲಿಸುವುದು. ಅದಕ್ಕೆ ರಬ್ಬರಿನ ಮೂಲ ಬುಶ್‌ಗಳೇ ಸಾಕು. ಶಾಕ್ ಅಬ್ಸಾರ್ಬರ್ ಬರುವುದು ಇವೆಲ್ಲದರ ನಂತರ. ಸ್ಪ್ರಿಂಗ್ ಮತ್ತು ಬಾರ್ ಕಟ್ಟಕಡೆಗೆ, ಅದೂ ಅಗತ್ಯ ಕಂಡರೆ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಸವೆದ ಭಾಗಕ್ಕೆ ಸಮಾನವಾದ ಇನ್ನೊಂದನ್ನು ಹಾಕಿಸುವುದು ನಿರ್ವಹಣೆ. ಕಾರಿನ ಸ್ವರೂಪವನ್ನೇ ಬದಲಿಸುವುದು ಮಾರ್ಪಾಡು. ಸಂದೇಹವಿದ್ದಲ್ಲಿ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಕ್ಷೇಮ. ನಮ್ಮ ಸಾಮಾನ್ಯ ಕಾರು ವಿಮೆ ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಗಳ ಬಳಕೆಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಟ್ರ್ಯಾಕಿಗೆ ಹೊರಡುವವರು ಮೊದಲೇ ಅರಿತಿರಬೇಕು. ಅಲ್ಲಿ ಗೋಡೆಗೆ ಬಡಿದ ಕಾರಿನ ಖರ್ಚನ್ನು ಮಾಲೀಕನೇ ಹೊರಬೇಕಾಗಿ ಬರಬಹುದು.

ಇಷ್ಟೆಲ್ಲ ಚರ್ಚೆ ಮುಗಿದ ಮೇಲೆ, ಏನನ್ನೂ ಕೊಳ್ಳುವ ಮೊದಲು ಕಾರನ್ನು ಒಮ್ಮೆ ಲಿಫ್ಟಿಗೆ ಏರಿಸಿ ನೋಡೋಣ ಎಂದೆ. ಮರುದಿನ ನಮ್ಮ ಪರಿಚಯದ ಹಳೆಯ ಮೆಕ್ಯಾನಿಕ್ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಮೇಲೆ ಬೆರಳಾಡಿಸಿ, ಎಣ್ಣೆ ಮೆತ್ತಿದ ಬೆರಳನ್ನು ನಮ್ಮ ಮುಂದೆ ಹಿಡಿದರು. ‘ಸಾರ್, ಇವೆರಡೂ ಲೀಕು. ಮುಂದಿನವೂ ಮುಗೀತು ಬಂದಿವೆ.’ ಕಾರು ಓಡಿದ್ದು 78,000 ಕಿ.ಮೀ.; ನಮ್ಮ ರಸ್ತೆಗಳಲ್ಲಿ ಅಷ್ಟು ಓಡಿದ ಮೇಲೆ ಇದರಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿ ಬೇರೆ ಇತ್ತು. ಕಳೆದ ಸಲ ಟ್ರ್ಯಾಕಿನಿಂದ ಬಂದಾಗ ಅಳಿಯ ಹೇಳಿದ್ದು, ‘ವೇಗದ ತಿರುವಿನಲ್ಲಿ ಹಿಂಭಾಗ ತೇಲುತ್ತದೆ, ನೆಚ್ಚಿಕೊಳ್ಳಲು ಆಗುವುದಿಲ್ಲ’ ಎಂದು. ಅಕ್ಕ ಹೇಳುತ್ತಿದ್ದದ್ದು, ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಣಿಯುತ್ತದೆ, ಆ ಕುಣಿತವೇ ಬೆನ್ನಿಗೆ ತಗಲುತ್ತದೆ ಎಂದು. ಇಬ್ಬರೂ ಆರು ತಿಂಗಳಿಂದ ಒಂದೇ ದೂರನ್ನು ಬೇರೆ ಬೇರೆ ಭಾಷೆಗಳಲ್ಲಿ ಹೇಳುತ್ತಿದ್ದರು. ಒಬ್ಬನ ಮಾತು ಶೋಕಿಯಂತೆಯೂ ಇನ್ನೊಬ್ಬಳ ಮಾತು ವಯಸ್ಸಿನ ಗೊಣಗಾಟದಂತೆಯೂ ಕೇಳಿಸಿದ್ದರಿಂದ ಯಾರೂ ಕಾರಿನ ಅಡಿಗೆ ಬಗ್ಗಿ ನೋಡಿರಲಿಲ್ಲ. ಕಂಪನಶಾಸ್ತ್ರ ಕಲಿಸಿದ ನಾನು ಕೂಡ.

ಮೂಲ ಸ್ಪ್ರಿಂಗುಗಳನ್ನು, ಮೂಲ ಎತ್ತರವನ್ನು ಹಾಗೆಯೇ ಉಳಿಸಿಕೊಂಡು, ಅವಕ್ಕೆ ಹೊಂದುವಂಥ, ನಿಧಾನದ ಚಲನೆಗೆ ತುಸು ಹೆಚ್ಚು ಬಿಗಿಯಾದ ನಾಲ್ಕು ಶಾಕ್ ಅಬ್ಸಾರ್ಬರ್‌ಗಳನ್ನು ಹಾಕಿಸಿದೆವು. ಹೊಸ ಬ್ರೇಕ್ ಎಣ್ಣೆ, ಪ್ಯಾಡು, ಅಲೈನ್‌ಮೆಂಟ್ ಎಲ್ಲ ಸೇರಿಯೂ ಪಟ್ಟಿಯ ಮೊತ್ತದ ಅರ್ಧ ಆಗಲಿಲ್ಲ. ಮುಂದಿನ ಟ್ರ್ಯಾಕ್ ಡೇ ಮುಗಿಸಿ ರಾತ್ರಿ ಮರಳಿದ ಅಳಿಯ, ಕಾಯ್ಲೋವರ್ ಹಾಕಿಸಿದ ಗೆಳೆಯನ ಕಾರಿಗಿಂತ ತಾನು ಸುತ್ತಿಗೆ ಎರಡು ಸೆಕೆಂಡು ಹಿಂದೆಯೇ ಉಳಿದೆನೆಂದು ಒಪ್ಪಿಕೊಂಡ. ‘ಆದರೆ ಮಾವ, ತಿರುವಿನ ಮಧ್ಯೆ ಕಾರು ಮುಂದೇನು ಮಾಡುತ್ತೆ ಅಂತ ಈಗ ಮೊದಲೇ ಗೊತ್ತಾಗುತ್ತೆ’ ಎಂದ. ಹವ್ಯಾಸಿಗೆ ಎರಡು ಸೆಕೆಂಡಿಗಿಂತ ಇದು ದೊಡ್ಡ ಗಳಿಕೆ ಎಂದು ನಾನು ಬಲ್ಲೆ. ಇನ್ನೊಂದೆರಡು ವರ್ಷದಲ್ಲಿ ಅವನಿಗೂ ತಿಳಿದೀತು.

ಆ ವಾರ ಫಿಸಿಯೋಥೆರಪಿಗೆ ಹೋಗುವಾಗ ನಾನೂ ಜೊತೆಗಿದ್ದೆ. ಸಣ್ಣಪುಟ್ಟ ಒರಟು ಮೊದಲಿಗಿಂತ ಒಂದಿಷ್ಟು ಹೆಚ್ಚೇ ತಿಳಿಯುತ್ತದೆ ಎಂದು ಅಕ್ಕ ಹೇಳಿದಳು, ಅದು ನಿಜವೇ. ನಾಲ್ಕನೇ ಅಡ್ಡರಸ್ತೆಯ ಆ ಕುಖ್ಯಾತ ದಿಬ್ಬ ಬಂತು. ಕಾರು ಒಮ್ಮೆ ಏರಿತು, ಇಳಿಯಿತು, ಅಲ್ಲಿಗೆ ಸುಮ್ಮನಾಯಿತು. ಅಕ್ಕ ತರಕಾರಿ ಬೆಲೆಯ ಬಗ್ಗೆ ಏನನ್ನೋ ಹೇಳುತ್ತಿದ್ದವಳು ಮಾತು ನಿಲ್ಲಿಸಲಿಲ್ಲ. ಅವಳ ಕೈ ಬಾಗಿಲ ಮೇಲಿನ ಹಿಡಿಕೆಗೆ ಹೋಗಲಿಲ್ಲ.